ಬೆಂಕಿ ಕಾಣದ ಹೊಸ್ತಿಲು

ನಾನು ಒಂದು ಕಲ್ಲಿನ ಚೌಕಟ್ಟು. ಚೌಕಟ್ಟು ಎಂದ ಕೂಡಲೇ ನೀವು ಬಾಗಿಲು ಅಂದುಕೊಳ್ಳುತ್ತೀರಿ. ಅದು ನಿಮ್ಮ ತಪ್ಪಲ್ಲ, ನನ್ನನ್ನು ಕಡೆದವನೂ ಹಾಗೆಯೇ ಅಂದುಕೊಂಡಿದ್ದ. ಆದರೆ ನಾನು ನಿಂತದ್ದು ಬಾಗಿಲಿಗಲ್ಲ, ಬೆಂಕಿಗೂಡಿಗೆ. ಚಳಿಯೂರಿನ ಹಳೆಯ ಬಂಗಲೆಗಳಲ್ಲಿ ಹಜಾರದ ಗೋಡೆಯೊಳಗೆ ಒಂದು ಗೂಡು ಮಾಡಿ, ಮೇಲೆ ಹೊಗೆ ಹೋಗಲು ದಾರಿ ಬಿಟ್ಟು, ಸೌದೆ ಉರಿಸಿ ಮೈ ಕಾಯಿಸಿಕೊಳ್ಳುತ್ತಾರಲ್ಲ, ಆ ಗೂಡಿನ ಸುತ್ತ ನಿಲ್ಲುವುದು ನನ್ನ ಕೆಲಸ. ಎರಡು ಕಡೆ ಎರಡು ಕಂಬ, ಮೇಲೊಂದು ತೊಲೆ, ಕೆಳಗೊಂದು ಹೊಸ್ತಿಲು. ಒಟ್ಟು ನಾಲ್ಕು ಕಲ್ಲುಗಳಾದರೂ ನಾನು ಎಂದರೆ ನಾನೊಬ್ಬನೇ.

ಹೊಸ್ತಿಲು ಎಂದೆನಲ್ಲ, ನನ್ನ ಕಥೆಯ ಗೋಳೆಲ್ಲ ಶುರುವಾಗುವುದು ಅಲ್ಲಿಂದಲೇ. ಬೆಂಕಿಗೂಡಿಗೆ ಹೊಸ್ತಿಲು ಬೇಕಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ನಾನು ಹುಟ್ಟಿದ್ದು ಹೆಗ್ಗಡದೇವನಕೋಟೆಯ ಕಡೆ ಒಂದು ಕಲ್ಲುಗಣಿಯಲ್ಲಿ. ನಮ್ಮದು ಬಳಪದ ಕಲ್ಲಿನ ಜಾತಿ. ನೆಲದಿಂದ ಎತ್ತಿದಾಗ ಮೆತ್ತಗಿರುತ್ತೇವೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತೇವೆ. ಬಿಸಿಯನ್ನು ಒಮ್ಮೆ ಹಿಡಿದರೆ ಬೇಗ ಬಿಡುವವರಲ್ಲ. ಈ ಗುಣ ಕೇಳಿಯೇ ಜಯತೀರ್ಥ ಅಷ್ಟು ದೂರದಿಂದ ನಮ್ಮ ಊರಿಗೆ ಬಂದಿದ್ದು. ಆತ ಊಟಿಯಲ್ಲಿ ಹೂವು ತರಕಾರಿ ಬೀಜದ ಅಂಗಡಿ ಇಟ್ಟುಕೊಂಡಿದ್ದ, ಮೂಲ ನಂಜನಗೂಡಿನವನು. ತೆಳ್ಳಗೆ, ಮೆಲ್ಲಗೆ ಮಾತಾಡುವ, ಯಾರ ಮನಸ್ಸಿಗೂ ನೋವು ಮಾಡಬಾರದೆಂದು ಎರಡೆರಡು ಸಲ ಯೋಚಿಸುವ ಮನುಷ್ಯ.

ಕಲ್ಲು ಕಡೆಯುವ ಸಿದ್ಧಲಿಂಗಾಚಾರಿಯ ಮುಂದೆ ಕೂತು ಅವನು ಗಾಳಿಯಲ್ಲಿ ಕೈಯಾಡಿಸಿ ನನ್ನನ್ನು ವಿವರಿಸಿದ್ದು ನೋಡಬೇಕಿತ್ತು.

"ಗೋಡೇಲಿ ಒಂದು ಗೂಡು ಇರತ್ತೆ ಆಚಾರ್ರೆ. ಅದರ ಸುತ್ತ ಬರಬೇಕು."

"ದೇವ್ರ ಗೂಡಾ ಸ್ವಾಮಿ?"

"ಅಲ್ಲ, ಬೆಂಕಿ ಗೂಡು."

"ಅಂದ್ರೆ ಅಡ್ಗೆ ಒಲೆ ಅನ್ನಿ."

"ಅಡುಗೆಗಲ್ಲ. ಸುಮ್ನೆ ಉರಿಸೋಕೆ. ನಮ್ಮ ಮನೆಯವರಿಗೆ ಚಳಿ ತಡೆಯೋಲ್ಲ, ಅದಕ್ಕೆ."

ಆಚಾರಿ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಅವನ ಅಪ್ಪ, ತಾತ ಎಲ್ಲ ಗುಡಿಯ ಬಾಗಿಲವಾಡ ಕಡೆದವರು. ಬೇಯಿಸುವುದಕ್ಕಲ್ಲದ, ಹೋಮಕ್ಕೂ ಅಲ್ಲದ ಬೆಂಕಿ ಮನೆಯೊಳಗೆ ಯಾತಕ್ಕೆ ಎಂಬುದು ಅವನ ತಲೆಗೆ ಹೋಗಲಿಲ್ಲ. ಜಯತೀರ್ಥ ಅಳತೆ ಕೊಟ್ಟು ಹೊರಟ ಮೇಲೆ ಹೆಂಡತಿಯ ಹತ್ತಿರ ಹೇಳಿದ: "ಏನಾರ ಆಗ್ಲಿ, ಅಗ್ನಿದೇವ್ರು ಒಳಗೆ ಕೂತ್ಕತಾನೆ ಅಂದ್ಮೇಲೆ ಚೆಂದಾಗಿ ಒಂದು ಬಾಗ್ಲು ಮಾಡ್ಕೊಡಾನ. ಹೊಸ್ತಿಲಿಲ್ದೆ ಬಾಗ್ಲು ಎಲ್ಲಾರ ಉಂಟಾ?"

ಹೀಗೆ ನನಗೆ ಹೊಸ್ತಿಲು ಬಂತು. ತೊಲೆಯ ಮೇಲೆ ಮಾವಿನೆಲೆಯ ತೋರಣ, ಕಂಬಗಳಲ್ಲಿ ಬಳ್ಳಿ, ಹೊಸ್ತಿಲ ನಡುವೆ ಒಂದು ಅರಳಿದ ತಾವರೆ. ಆಚಾರಿ ನನಗಾಗಿ ಕಣ್ಣು ಸವೆಸಿದ. ಕೇಳಿದ್ದಕ್ಕಿಂತ ಒಂದು ಕಲ್ಲು ಹೆಚ್ಚು ಕೊಟ್ಟು, ಅದಕ್ಕೆ ಒಂದು ಕಾಸೂ ಹೆಚ್ಚು ಕೇಳದೆ ಲಾರಿಗೆ ಹೇರಿಸಿದ. ಒಳ್ಳೆಯ ಮನಸ್ಸಿನಿಂದ ಮಾಡಿದ್ದನ್ನು ಬೈಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ಲಾರಿ ಘಾಟಿ ಹತ್ತತೊಡಗಿದಾಗ ನನ್ನ ಮೈ ತಣ್ಣಗಾಯಿತು. ಹುಲ್ಲಿನ ಮೆತ್ತೆಯಲ್ಲಿ ಮಲಗಿ ಇಬ್ಬನಿಯಲ್ಲಿ ನೆನೆಯುತ್ತ, ಈ ಊರಿನಲ್ಲಿ ನನಗೆ ಕೈತುಂಬ ಕೆಲಸವಿದೆ ಎಂದು ಹಿಗ್ಗಿದೆ.

ಮನೆ ಒಂದು ಗುಡ್ಡದ ಮಗ್ಗುಲಲ್ಲಿತ್ತು. ಯಾರೋ ಬಿಳಿಯ ದೊರೆ ಕಟ್ಟಿಸಿ, ಯಾರು ಯಾರೋ ಇದ್ದು ಬಿಟ್ಟ ಹಳೆಯ ಸಣ್ಣ ಬಂಗಲೆ. ಹಜಾರದ ಬೆಂಕಿಗೂಡಿಗೆ ಹಿಂದೆ ಇದ್ದ ಮರದ ಚೌಕಟ್ಟು ಗೆದ್ದಲು ತಿಂದು ಉದುರಿಹೋಗಿ, ಬಾಯಿಗೆ ಇಟ್ಟಿಗೆ ಜೋಡಿಸಿ ಮುಚ್ಚಿದ್ದರು. ಮನೆಯಲ್ಲಿ ಮೂರೇ ಜನ. ಜಯತೀರ್ಥ, ಅವನ ತಾಯಿ ತುಂಗಮ್ಮ, ಹೆಂಡತಿ ವನಮಾಲಾ.

ವನಮಾಲಾ ರಾಯಚೂರಿನವಳು. ನಿಗಿನಿಗಿ ಬಿಸಿಲಿನಲ್ಲಿ ಬೆಳೆದವಳನ್ನು ತಂದು ಮಂಜಿನ ಗುಡ್ಡದ ಮೇಲೆ ಕೂರಿಸಿದ್ದರು. ಅದರ ಜೊತೆಗೆ ಚಿಕ್ಕಂದಿನಲ್ಲಿ ಬಂದ ಕೀಲುಜ್ವರವೊಂದು ಅವಳ ಎದೆಯನ್ನು ದುರ್ಬಲ ಮಾಡಿ ಹೋಗಿತ್ತು. ಸಂಜೆಯಾದರೆ ಉಗುರು ನೀಲಿಗಟ್ಟುತ್ತಿತ್ತು. ದಿನವೆಲ್ಲ ಎರಡು ಶಾಲು, ಕಿವಿಗೆ ಮಫ್ಲರು. ಆದರೂ ಬಾಯಿ ಮಾತ್ರ ಜೋರು.

"ಅಲ್ರಿ, ಇದೇನ್ ಊರ್ರಿ ನಿಮ್ದು! ಮುಂಜಾನೆ ಎದ್ದು ಮೂಗು ಅದನೋ ಇಲ್ಲೋ ಅಂತ ಮುಟ್ಟಿ ನೋಡ್ಕೋಬೇಕು," ಎನ್ನುತ್ತಿದ್ದಳು ಗಂಡನಿಗೆ.

ಅತ್ತೆಗೂ ಸೊಸೆಗೂ ಮೊದಮೊದಲು ಮಾತೇ ಸರಿಯಾಗಿ ತಿಳಿಯುತ್ತಿರಲಿಲ್ಲವಂತೆ. ಮದುವೆಯಾಗಿ ಬಂದ ಹೊಸದರಲ್ಲಿ ವನಮಾಲಾ, "ನನಗ ಭಾಳ ಥಂಡಿ ಆಗ್ತದ್ರಿ," ಎಂದಿದ್ದಳು. ಅವಳ ಊರಿನಲ್ಲಿ ಥಂಡಿ ಎಂದರೆ ಬರೀ ಚಳಿ. ತುಂಗಮ್ಮನ ಊರಿನಲ್ಲಿ ಥಂಡಿ ಎಂದರೆ ನೆಗಡಿ, ಶೀತ. ಆಕೆ ಗಾಬರಿಯಾಗಿ ಮೆಣಸು ಜೀರಿಗೆ ಕುಟ್ಟಿ ಕಷಾಯ ಮಾಡಿ ತಂದರು. ಮರುದಿನವೂ ಥಂಡಿ, ಮರುದಿನವೂ ಕಷಾಯ. ತಿಂಗಳಾದರೂ ವಾಸಿಯಾಗದ ಈ ನೆಗಡಿ ಎಂಥದು ಎಂದು ಮಗನನ್ನು ಕೇಳಿದಾಗಲೇ ನಿಜ ಗೊತ್ತಾದದ್ದು. "ಮತ್ತೆ ಹೇಳಬಾರದೇನೇ ಹುಡುಗಿ, ಆ ಖಾರಾನೆಲ್ಲ ಸುಮ್ನೆ ಕುಡಿದ್ಯಲ್ಲ!" ಎಂದರಂತೆ ತುಂಗಮ್ಮ. "ಲೋಟ ಬಿಸಿ ಇರ್ತಿತ್ತಲ್ರಿ, ಹಿಡ್ಕೊಂಡ್ರ ಹಿತ ಅನಸ್ತಿತ್ತು," ಎಂದಳಂತೆ ಸೊಸೆ. ಅವತ್ತಿನಿಂದ ಇಬ್ಬರೂ ಒಂದೇ ಜೀವ. ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ಇಬ್ಬರೂ ನಗುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಇಷ್ಟು ಹೇಳಿದ್ದು ಯಾಕೆಂದರೆ, ಮುಂದೆ ನಡೆದದ್ದನ್ನು ಕೇಳಿ ನೀವು ತುಂಗಮ್ಮನನ್ನು ಗಯ್ಯಾಳಿ ಅತ್ತೆ ಎಂದುಕೊಂಡುಬಿಡಬಾರದು.

ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮೊದಲೇ ಇಟ್ಟು ನೋಡಿದ್ದರು. ಅದರ ಹೊಗೆಗೆ ವನಮಾಲೆಗೆ ಉಸಿರು ಕಟ್ಟಿ, ಡಾಕ್ಟರು ಅದನ್ನು ಮನೆಯಿಂದಾಚೆ ಹಾಕಿಸಿದರು. ಊರಿಗೆ ಕರೆಂಟು ಬಂದಿದ್ದರೂ ದೀಪ ಮಿಣುಕುವಷ್ಟೇ ಇರುತ್ತಿತ್ತು. ಹೊಗೆ ಮೇಲಕ್ಕೆ ಹೋಗುವ ಬೆಂಕಿಗೂಡೊಂದೇ ಅವಳಿಗೆ ದಾರಿ. "ಮೈ ಬೆಚ್ಚಗಿರಲಿ, ಅರ್ಧ ಔಷಧಿ ಅದೇ," ಎಂದು ಡಾಕ್ಟರು ಹೇಳಿದ ಮೇಲೆ ಜಯತೀರ್ಥ ನನ್ನನ್ನು ಹುಡುಕಿಕೊಂಡು ಹೊರಟಿದ್ದು.

ನನ್ನನ್ನು ನಿಲ್ಲಿಸಿದವನು ಜೋಗಿ ಮೇಸ್ತ್ರಿ, ಆ ಗುಡ್ಡಗಳ ಬಡಗ ಜನಾಂಗದವನು. ಇಟ್ಟಿಗೆ ಕಿತ್ತು ಗೂಡಿನ ಬಾಯಿ ಬಿಡಿಸಿದ. ಹೊಗೆದಾರಿಯಲ್ಲಿ ಕಟ್ಟಿಕೊಂಡಿದ್ದ ಹಕ್ಕಿಗೂಡುಗಳನ್ನು ಉದ್ದನೆಯ ಗಳುವಿನಿಂದ ಬೀಳಿಸಿದ. ಬೆಂಕಿ ತಡೆಯುವ ಇಟ್ಟಿಗೆ ಕಟ್ಟಿ, ಗಾರೆ ಕಲಸಿ, ಮೊದಲು ಎರಡು ಕಂಬಗಳನ್ನು ತೂಕಗುಂಡು ಬಿಟ್ಟು ನೋಡಿ ನೇರ ನಿಲ್ಲಿಸಿದ. ಅದರ ಮೇಲೆ ತೊಲೆ. ರಸಮಟ್ಟವಿಟ್ಟು ಅತ್ತ ಒಂದು ತಟ್ಟು, ಇತ್ತ ಒಂದು ತಟ್ಟು. ಕೊನೆಗೆ ಉಳಿದದ್ದು ಹೊಸ್ತಿಲು. ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ತಾವರೆ ಕಂಡಿತು.

"ಅಮ್ಮ, ಅರಿಶಿನ ಕುಂಕುಮ ಬೇಕು. ಹೊಸ್ತಿಲು ಇಡ್ತೀನಿ," ಎಂದ.

ತುಂಗಮ್ಮ ಸಂಭ್ರಮದಿಂದ ತಟ್ಟೆ ಹಿಡಿದು ಬಂದರು. ಹೊಸ್ತಿಲು ಎಂದ ಮೇಲೆ ಮಾಡುವುದನ್ನೆಲ್ಲ ಮಾಡಿದರು. ಅಡಿಯಲ್ಲಿ ಒಂದು ಹವಳ, ಒಂದು ಬೆಳ್ಳಿಯ ಚೂರು. ಮೇಲೆ ಅರಿಶಿನ, ಕುಂಕುಮ, ಸೇವಂತಿಗೆ. ಸೊಸೆಯ ಕೈಯಲ್ಲಿ ರಂಗೋಲಿ ಎಳೆಸಿದರು. ಬೆಂಕಿಗೂಡಿಗೆ ಹೊಸ್ತಿಲು ಪೂಜೆ ಮಾಡುತ್ತಿದ್ದೇವೆ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗಂತೂ ಮದುಮಗನ ಹಾಗೆ ನಿಂತಿರುವುದೇ ಖುಷಿಯಾಗಿತ್ತು.

ಗಾರೆ ಒಣಗಿದ ಮೇಲೆ ಒಂದು ಸಂಜೆ ಜಯತೀರ್ಥ ಒಣ ನೀಲಗಿರಿ ಸೌದೆ ತಂದು ನನ್ನೊಳಗೆ ಜೋಡಿಸಿದ. ವನಮಾಲಾ ಮುಂದೆ ಚಾಪೆ ಹಾಸಿಕೊಂಡು, ಕಾಲು ಚಾಚಿ, ಎರಡೂ ಅಂಗೈ ಮುಂದೆ ಹಿಡಿದು ಕೂತುಬಿಟ್ಟಳು. ಬೆಂಕಿ ಇನ್ನೂ ಹತ್ತಿರಲೇ ಇಲ್ಲ. "ಲಗೂನ ಹಚ್ರಿ, ಕೈ ಕಾಯ್ಲಿಕ್ಹತ್ಯಾವ," ಎಂದು ನಗುತ್ತಿದ್ದಳು. ಜಯತೀರ್ಥ ಕಡ್ಡಿ ಗೀರಿದ.

ದೇವರಿಗೆ ದೀಪ ಹಚ್ಚಿ ಹಜಾರಕ್ಕೆ ಬಂದ ತುಂಗಮ್ಮ ಅಲ್ಲೇ ನಿಂತರು. ಹಜಾರದ ಕಡೆಯಿಂದ ನೋಡಿದರೆ ಹೊಸ್ತಿಲು, ಹೊಸ್ತಿಲಿನಾಚೆ ಒಟ್ಟಿದ ಸೌದೆ, ಸೌದೆಯ ಹತ್ತಿರ ಮಗನ ಕೈಯಲ್ಲಿ ಬೆಂಕಿ.

"ಜಯಾ, ಬೇಡ!"

ಆ ಕೂಗಿಗೆ ಅವನ ಕೈಯ ಕಡ್ಡಿ ಆರಿತು.

"ಹೊಸ್ತಿಲಾಚೆ ಬೆಂಕಿ ಯಾವಾಗ ಹಾಕ್ತಾರೆ ಅನ್ನೋದು ನಿಂಗೆ ಗೊತ್ತಿಲ್ವೇನೋ?"

ನಿಮಗೂ ಗೊತ್ತಿರಬೇಕು. ಬೀದಿಯಲ್ಲಿ ಹೋಗುವಾಗ ಯಾರ ಮನೆಯ ಬಾಗಿಲ ಮುಂದಾದರೂ ಕೊರಡು ಹೊಗೆಯಾಡುತ್ತಿದ್ದರೆ ಒಳಗೆ ಏನಾಗಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಚಪ್ಪಲಿ ಸದ್ದು ಮಾಡದೆ ಮುಂದೆ ಹೋಗುತ್ತೇವೆ. ತುಂಗಮ್ಮ ನಂಜನಗೂಡಿನ ಮನೆಯಲ್ಲಿ ಆ ಬೆಂಕಿಯನ್ನು ಒಳಗಿನಿಂದ ನೋಡಿದವರು. ಗಂಡ ಹೋದಾಗ ಅವರಿಗೆ ಚಿಕ್ಕ ವಯಸ್ಸು, ಜಯತೀರ್ಥ ತೊಟ್ಟಿಲಲ್ಲಿದ್ದ. ಗೋಡೆಗೆ ಒರಗಿಸಿ ಕೂರಿಸಿದ್ದರು, ಎದುರಿಗೆ ಹೊಸ್ತಿಲು, ಅದರಾಚೆ ಬೆಂಕಿ. ಬಂದವರು ಹೋದವರು ಯಾರ ಮುಖವೂ ಅವರಿಗೆ ನೆನಪಿಲ್ಲ, ಅದೊಂದೇ ನೆನಪು.

"ಅಮ್ಮ, ಇದು ಬಾಗಿಲಲ್ಲ. ಚಳಿ ಕಾಯಿಸೋ ಒಲೆ," ಎಂದ ಜಯತೀರ್ಥ.

"ಒಲೆಗೆ ಹೊಸ್ತಿಲು ಇರತ್ತೇನೋ? ಈ ಕೈಯಲ್ಲೇ ಅರಿಶಿನ ಹಚ್ಚಿದೀನಿ. ಮನೇಲಿ ಹುಷಾರಿಲ್ಲದ ಹುಡುಗಿ ಇದಾಳೆ. ಅವಳ ಕಣ್ಣೆದುರಿಗೆ ಹೊಸ್ತಿಲಾಚೆ ಬೆಂಕಿ ಹಾಕಿ ಕೂರಿಸ್ತೀಯಾ? ಅವಳನ್ನ ಕರ್ಕೊಂಡು ಹೋಗು ಅಂತ ನಾವೇ ಹೇಳಿದ ಹಾಗಾಗಲ್ವಾ?"

"ಹಾಗಿದ್ರೆ ಹೊಸ್ತಿಲು ತೆಗೆಸಿಬಿಡ್ತೀನಿ."

"ಪೂಜೆ ಮಾಡಿ ಇಟ್ಟ ಹೊಸ್ತಿಲನ್ನ ಕೀಳ್ತಾರೇ? ಅದಕ್ಕಿಂತ ಮನೆ ಬೀಳಿಸು," ಎಂದರು ತುಂಗಮ್ಮ.

ಆಕೆ ಹೆದರಿದ್ದು ಸೊಸೆಗಾಗಿ. ಸೊಸೆ ಉಳಿಯಬೇಕು ಎಂದೇ ಸೊಸೆಗೆ ಬೇಕಾದ ಬೆಂಕಿಯನ್ನು ತಡೆದರು. ಇದನ್ನು ನೆನೆದಾಗೆಲ್ಲ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯುವುದಿಲ್ಲ. ಆಚಾರಿಯ ಮೇಲೆ ಮಾಡಲೇ, ತುಂಗಮ್ಮನ ಮೇಲೆ ಮಾಡಲೇ, ತಾವರೆ ಹೊತ್ತು ಬೀಗುತ್ತಿದ್ದ ನನ್ನ ಮೇಲೇ ಮಾಡಿಕೊಳ್ಳಲೇ?

ಜಯತೀರ್ಥ, "ಆಯ್ತು, ನೋಡೋಣ," ಎಂದ. ಅದು ಅವನ ಮಾತು. ಜಗಳ ಬರುವ ಕಡೆಯೆಲ್ಲ ಅವನು 'ನೋಡೋಣ' ಎಂದು ಹೇಳಿ ಅಂಗಡಿಗೆ ಹೊರಟುಬಿಡುತ್ತಿದ್ದ. ಬೀಜದ ಅಂಗಡಿಯವನಿಗೆ ಎಲ್ಲವೂ ತಾನಾಗಿಯೇ ಮೊಳೆಯುತ್ತದೆ ಎಂಬ ನಂಬಿಕೆ ಇರುತ್ತದೋ ಏನೋ.

ಅತ್ತೆ ಒಳಗೆ ಹೋದ ಮೇಲೆ ವನಮಾಲಾ ಗಂಡನಿಗೆ ಮೆಲ್ಲಗೆ, "ಬಿಡ್ರಿ. ನನ್ ಸಲುವಾಗಿನ ಹೆದರ್ಯಾರ ಅವರು," ಎಂದಳು. ಚಾಪೆ ಮಾತ್ರ ಎತ್ತಲಿಲ್ಲ.

ಅವತ್ತಿನಿಂದ ಅವಳ ಜಾಗ ನನ್ನ ಮುಂದೆಯೇ ಆಯಿತು. ಶುಕ್ರವಾರ ಬಂದರೆ ನನ್ನ ಹೊಸ್ತಿಲು ಒರೆಸಿ, ಅರಿಶಿನ ಹಚ್ಚಿ, ಎರಡೆಳೆ ರಂಗೋಲಿ ಬಿಡುತ್ತಿದ್ದಳು. ಅವಳ ಬೆರಳು ನನಗಿಂತ ತಣ್ಣಗಿರುತ್ತಿತ್ತು. ಕಲ್ಲಿಗಿಂತ ತಣ್ಣಗಿರುವ ಬೆರಳು ಎಂದರೆ ಯೋಚಿಸಿ ನೋಡಿ. ಒಳಗಿನ ಸೌದೆಯನ್ನು ಯಾರೂ ತೆಗೆದಿರಲಿಲ್ಲ. ಸಂಜೆ ಗಂಡ ಅಂಗಡಿಯಿಂದ ಬರುವ ಹೊತ್ತಿಗೆ ಅವಳು ಆ ಹಚ್ಚದ ಸೌದೆಯ ಮುಂದೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಏನ್ರಿ, ಇವತ್ತು ಉರಿ ಭಾಳ ಜಾಸ್ತಿ ಆತು ನೋಡ್ರಿ. ಬೆವತು ಹೋದೆ. ಒಂದೆರಡು ಕೊರಡು ಹೊರಗ ತಗೀರಿ."

ಜಯತೀರ್ಥ ನಗುತ್ತಿದ್ದ. ಒಳಗೆ ಒಗ್ಗರಣೆ ಹಾಕುತ್ತಿದ್ದ ತುಂಗಮ್ಮನಿಗೂ ಅದು ಕೇಳುತ್ತಿತ್ತು. ಆಕೆ ನಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಲೆಯ ಬೂದಿಯಲ್ಲಿ ಕಾಯಿಸಿದ ಇಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದು ಸೊಸೆಯ ಪಾದದ ಕೆಳಗೆ ಇಡುತ್ತಿದ್ದರು. ಅದು ಆರಿದರೆ ಇನ್ನೊಂದು. ಅಡುಗೆಮನೆಗೂ ಹಜಾರಕ್ಕೂ ಓಡಾಡಿ ಆ ವಯಸ್ಸಿನಲ್ಲಿ ಆಕೆಯ ಮಂಡಿ ಹಿಡಿದುಕೊಂಡಿತು. ಇಟ್ಟಿಗೆ ಪಾದವನ್ನಷ್ಟೇ ಬೆಚ್ಚಗೆ ಮಾಡುತ್ತಿತ್ತು. ಎದೆಯವರೆಗೆ ಆ ಬಿಸಿ ಹತ್ತುತ್ತಿರಲಿಲ್ಲ.

ಮಳೆಗಾಲ ಹೋಯಿತು. ದೀಪಾವಳಿಯ ಹೊತ್ತಿಗೆ ಜಯತೀರ್ಥ ಇನ್ನೊಂದು ಸಲ ಮಾತು ತೆಗೆದ. ತುಂಗಮ್ಮ, "ಬೇರೆ ಸಾದಾ ಕಲ್ಲು ತರಿಸು. ಇದನ್ನ ಹೊಸ್ತಿಲ ಸಮೇತ ದೇವರಮನೆ ಬಾಗಿಲಿಗೆ ಸಾಗಿಸಿ, ಅದನ್ನ ಇಲ್ಲಿ ಹಾಕಿಸು," ಎಂದರು. ನನ್ನನ್ನು ದೇವರಮನೆಗೆ ಕಳಿಸುವ ಮಾತು ಕೇಳಿ ನನಗೆ ಬೇಜಾರಾಗಬೇಕಿತ್ತು, ಆಗಲಿಲ್ಲ. ಯಾವ ಕಲ್ಲಾದರೂ ಸರಿ, ಬೇಗ ಬರಲಿ ಎನಿಸಿತು. ಜಯತೀರ್ಥ, "ಸಂಕ್ರಾಂತಿ ಕಳೀಲಿ, ನೋಡೋಣ," ಎಂದ.

ಸಂಕ್ರಾಂತಿಗೆ ಮುಂಚೆಯೇ ಹಿಮ ಬಿತ್ತು. ಆ ಗುಡ್ಡದಲ್ಲಿ ಆಕಾಶ ತಿಳಿಯಾದ ರಾತ್ರಿಗಳ ಮರುದಿನ ಹುಲ್ಲೆಲ್ಲ ಉಪ್ಪು ಎರಚಿದಂತೆ ಬೆಳ್ಳಗಾಗುತ್ತದೆ, ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ ಕಟ್ಟುತ್ತದೆ. ವನಮಾಲಾ ಹಾಸಿಗೆ ಹಿಡಿದಳು. ಮಾತಿನ ನಡುವೆ ಉಸಿರಿಗೆ ನಿಲ್ಲತೊಡಗಿದಳು. ಡಾಕ್ಟರು ಬಂದು ನೋಡಿ, ಕೆಳಗಿನ ದೊಡ್ಡ ಆಸ್ಪತ್ರೆಯವರೆಗೆ ಆ ಘಾಟಿಯಲ್ಲಿ ಸಾಗಿಸುವುದೇ ಅಪಾಯ, ಮೊದಲು ಕೋಣೆ ಬೆಚ್ಚಗೆ ಮಾಡಿ ಎಂದು ಹೇಳಿ ಹೋದರು. ಅವಳ ಹಾಸಿಗೆಯನ್ನು ಹಜಾರಕ್ಕೆ, ನನ್ನ ಮುಂದಕ್ಕೆ ತಂದರು.

ಅವತ್ತು ಸಂಜೆ ಜಯತೀರ್ಥ 'ನೋಡೋಣ' ಎನ್ನಲಿಲ್ಲ. ನೇರವಾಗಿ ಬಂದು ನನ್ನ ಮುಂದೆ ಮಂಡಿಯೂರಿ, ಕಡ್ಡಿಪೆಟ್ಟಿಗೆ ತೆಗೆದ. ಆಮೇಲೆ ಕತ್ತು ತಿರುಗಿಸಿ ತಾಯಿಯ ಕಡೆ ನೋಡಿದ. ಯಾಕೆ ನೋಡಬೇಕಿತ್ತು? ಹಚ್ಚೋ ಮಾರಾಯ ಎಂದು ನಾನು ಒಳಗೇ ಒದ್ದಾಡಿದೆ. ಕಲ್ಲಿಗೆ ಬಾಯಿಲ್ಲ.

ತುಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಇಟ್ಟಿಗೆ ಸುತ್ತುವ ಬಟ್ಟೆ. ಬೇಡ ಎನ್ನಲಿಲ್ಲ. ಹೂಂ ಎನ್ನಲೂ ಇಲ್ಲ. ಬಾಯಿ ತುಸು ತೆರೆದಿತ್ತು, ಮಾತು ಅಲ್ಲಿಯವರೆಗೆ ಬಂದು ನಿಂತಿತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ 'ಹಚ್ಚು' ಎಂದುಬಿಡುತ್ತಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ.

ಅಷ್ಟರಲ್ಲಿ ಹಾಸಿಗೆಯಿಂದ ವನಮಾಲಾ ಹೇಳಿದಳು: "ಬ್ಯಾಡ್ರಿ. ನನಗೇನರ ಆತಂದ್ರ, ಆ ಬೆಂಕಿಯಿಂದನ ಆತು ಅಂತ ಅತ್ತೆಯವರು ಜಲಮಪೂರ್ತಿ ಕೊರಗ್ತಾರ. ಬ್ಯಾಡ."

ಜಯತೀರ್ಥ ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡ. ತುಂಗಮ್ಮ ಬಂದು ಸೊಸೆಯ ಕಾಲ ಬಳಿ ಕೂತು, ಎರಡೂ ಪಾದಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಉಜ್ಜತೊಡಗಿದರು. ಮೂವರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದರು. ಒಣಗಿ ಗರಿಗರಿಯಾದ ಸೌದೆ ನನ್ನ ಬಾಯೊಳಗೆ ಹಾಗೇ ಇತ್ತು.

ಮಾರನೆಯ ಬೆಳಗ್ಗೆ ಹಾಲಿನವನು ಬರುವ ಹೊತ್ತಿಗೆ ವನಮಾಲಾ ಇರಲಿಲ್ಲ.

ಅಕ್ಕಪಕ್ಕದವರು ಬಂದರು. ಮಾಡಬೇಕಾದ್ದನ್ನು ಗೊತ್ತಿದ್ದವರು ಮಾಡತೊಡಗಿದರು. ಬಾಗಿಲ ಮುಂದೆ ಬೆಂಕಿ ಹಾಕಬೇಕು ಎಂದರು. ಹೊರಗಿನ ಸೌದೆಯೆಲ್ಲ ಹಿಮಕ್ಕೆ ನೆನೆದು ಒದ್ದೆಯಾಗಿತ್ತು. ಮನೆಯಲ್ಲಿ ಒಣಗಿದ ಸೌದೆ ಎಂದರೆ ನನ್ನೊಳಗಿನದು ಮಾತ್ರ. ಯಾರೋ ಒಬ್ಬರು, ಪಾಪ ಅವರಿಗೇನು ಗೊತ್ತು, ಬಂದು ಅದನ್ನು ತೋಳ ತುಂಬ ಎತ್ತಿಕೊಂಡು ಹೋದರು. ಅವಳು ತಿಂಗಳುಗಟ್ಟಲೆ ಮುಂದೆ ಕೂತು ಬೆವರುತ್ತೇನೆ ಎಂದು ತಮಾಷೆ ಮಾಡಿದ ಸೌದೆ ಅದು. ಒಂದೇ ಕಡ್ಡಿಗೆ ಹೊತ್ತಿಕೊಂಡಿತು.

ಹಜಾರದ ಕಿಟಕಿಯಿಂದ ನನಗೆ ಅಂಗಳ ಕಾಣುತ್ತಿತ್ತು. ಬಿಳಿಯ ಹುಲ್ಲು, ನಡುವೆ ಆ ಉರಿ. ನೋಡಲು ಬಂದವರು ಚಳಿಗೆ ಮುದುರಿಕೊಂಡು ಬಂದಿದ್ದರು. ಮೊದಲು ಒಬ್ಬ ಮುದುಕರು ಬೆಂಕಿಯ ಹತ್ತಿರ ಸರಿದರು. ಆಮೇಲೆ ಇನ್ನಿಬ್ಬರು. ಸ್ವಲ್ಪ ಹೊತ್ತಿನಲ್ಲಿ ಸುತ್ತ ನಿಂತವರೆಲ್ಲ, ತಾವೇನು ಮಾಡುತ್ತಿದ್ದೇವೆ ಎಂಬ ಅರಿವಿಲ್ಲದೆ, ಅಂಗೈಗಳನ್ನು ಉರಿಯ ಕಡೆ ಚಾಚಿದ್ದರು. ಒಬ್ಬಾಕೆ ತನ್ನ ಮಗುವಿನ ಕೈ ಹಿಡಿದು ಕಾಯಿಸಿ, ಅದರ ಕೆನ್ನೆಗೆ ಒತ್ತಿದಳು.

ತುಂಗಮ್ಮ ನನ್ನ ಕಂಬಕ್ಕೆ ಒರಗಿ ಕೂತಿದ್ದರು. ಆಕೆಯ ಕಣ್ಣೂ ಕಿಟಕಿಯ ಕಡೆಗೇ ಇತ್ತು. ಅಳುತ್ತಿರಲಿಲ್ಲ. ಒಮ್ಮೆ ಮಾತ್ರ, ಪಕ್ಕದಲ್ಲಿ ಮಲಗಿದ್ದ ಸೊಸೆಗೇ ಹೇಳುವಂತೆ ಅಂದರು: "ಎಲ್ಲರೂ ಕಾಯಿಸ್ಕೊಳ್ತಿದಾರಲ್ಲೇ."

ನಾನು ಆ ಮಾತನ್ನು ಮರೆಯಲಾರೆ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮರುದಿನ ತುಂಗಮ್ಮ ಜೋಗಿ ಮೇಸ್ತ್ರಿಗೆ ಹೇಳಿಕಳಿಸಿದರು. ಅವನು ಬಂದು ತಲೆಯ ರುಮಾಲು ತೆಗೆದು ನಿಂತ.

"ಜೋಗಿ, ಆ ಹೊಸ್ತಿಲು ತೆಗೆದುಬಿಡು."

"ಅಮ್ಮ, ಪೂಜೆ ಮಾಡಿ ಇಟ್ಟಿದ್ದಲ್ಲವಾ?"

"ತೆಗಿ ಅಂದೆ."

ತುಂಗಮ್ಮ ಅವನಿಗೆ ಕಾಫಿ ತರಲು ಒಳಗೆ ಹೋದರು. ಜೋಗಿ ಸಂದಿಗೆ ಉಳಿ ಕೊಟ್ಟು ಗಾರೆ ಬಿಡಿಸಿ, ಹಾರೆಯ ತುದಿ ತೂರಿಸಿ ಒಂದು ಸಲ ಮೀಟಿದ. ಹೊಸ್ತಿಲು ಎದ್ದು ಬಂತು. ಕಂಬಗಳು ಅಲುಗಲಿಲ್ಲ. ತೊಲೆ ಅಲುಗಲಿಲ್ಲ. ಮನೆಯ ಗೋಡೆಯಿಂದ ಒಂದು ಚಕ್ಕೆ ಸುಣ್ಣವೂ ಉದುರಲಿಲ್ಲ. ಹೊಸ್ತಿಲು ಹೋದರೆ ನಾನು ಅರ್ಧ ಸತ್ತಂತೆ ಎಂದು ನಾನೂ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ತುಂಗಮ್ಮ ಕಾಫಿ ತಂದಾಗ ಕೆಲಸ ಮುಗಿದಿತ್ತು.

ಜಯತೀರ್ಥ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಇಷ್ಟೇನಾ?" ಎಂದ. "ಇಷ್ಟೇನಾ ಇದ್ದಿದ್ದು?" ಎಂದು ಇನ್ನೊಮ್ಮೆ ಹೇಳಿ, ಅಲ್ಲೇ ಗೋಡೆ ಹಿಡಿದು ಕುಸಿದು ಕೂತ. ಗಂಡಸು ಹಾಗೆ ಬಾಯಿಬಿಟ್ಟು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಡಿಯಲ್ಲಿ ಸಿಕ್ಕ ಹವಳವನ್ನು ಜೋಗಿ ಒರೆಸಿ ತುಂಗಮ್ಮನ ಕೈಗೆ ಕೊಟ್ಟ. ಹೊಸ್ತಿಲನ್ನು ಹಿತ್ತಿಲಿಗೆ ಹೊತ್ತುಕೊಂಡು ಹೋದ. ಅದು ಬೆಂಕಿಯನ್ನು ಕಾಣಲೇ ಇಲ್ಲ.

ಅಂದು ಸಂಜೆ ತುಂಗಮ್ಮ ತಾವೇ ಸೌದೆ ಜೋಡಿಸಿ, ತಾವೇ ಕಡ್ಡಿ ಗೀರಿದರು. ಬೆಂಕಿ ಹತ್ತಿತು. ಹೊಗೆ ಒಂದೆಳೆಯೂ ಹಜಾರಕ್ಕೆ ಬರದೆ ನೇರ ಮೇಲಕ್ಕೆ ಹೋಯಿತು. ಜೋಗಿಯ ಕೆಲಸ ಅಷ್ಟು ಚೊಕ್ಕವಾಗಿತ್ತು. ನನ್ನ ಕಂಬಗಳು ಬಿಸಿಯಾದವು, ತೊಲೆ ಬಿಸಿಯಾಯಿತು, ಬಳ್ಳಿಯ ಎಲೆ ಎಲೆಗೂ ಬಿಸಿ ಇಳಿಯಿತು. ಯಾವ ಕೆಲಸಕ್ಕೆ ನನ್ನನ್ನು ಕಡೆದಿದ್ದರೋ ಆ ಕೆಲಸ ಕೊನೆಗೂ ಸಿಕ್ಕಿತ್ತು. ನನಗೆ ಸಂತೋಷವಾಗಲಿಲ್ಲ.

ಮುಂದೆ ಎಷ್ಟೋ ಚಳಿಗಾಲ ತುಂಗಮ್ಮ ಸಂಜೆ ತಪ್ಪಿಸದೆ ಬೆಂಕಿ ಹಾಕಿದರು. ಆದರೆ ಒಂದು ದಿನವೂ ಕೈ ಕಾಯಿಸಿಕೊಳ್ಳಲಿಲ್ಲ. ದೂರದ ಗೋಡೆಗೆ ಒರಗಿ, ಎರಡೂ ಕೈಗಳನ್ನು ಸೆರಗಿನೊಳಗೆ ಮುದುರಿ, ನಡುಗುತ್ತಲೇ ಕೂತಿರುತ್ತಿದ್ದರು. "ಹತ್ರ ಬಾ ಅಮ್ಮ," ಎಂದು ಜಯತೀರ್ಥ ಎಷ್ಟೋ ಸಲ ಕರೆದ. "ಇಲ್ಲೇ ಬೆಚ್ಚಗಿದೆ ಕಣೋ," ಎನ್ನುತ್ತಿದ್ದರು. ಅಲ್ಲಿಯವರೆಗೆ ನನ್ನ ಬಿಸಿ ಹೋಗುವುದಿಲ್ಲ ಎಂದು ನನಗೆ ಗೊತ್ತು. ಬೆಂಕಿಯ ಮುಂದೆ, ಚಾಪೆ ಹಾಸುವಷ್ಟು ಜಾಗ ಯಾವಾಗಲೂ ಖಾಲಿ ಇರುತ್ತಿತ್ತು.

ಆಮೇಲೆ ಅಂಗಡಿ ಮುಚ್ಚಿತು, ಮನೆ ಮಾರಾಯಿತು, ತಾಯಿ ಮಗ ಇಬ್ಬರೂ ನಂಜನಗೂಡಿಗೆ ಇಳಿದರು. ಕೊಂಡವರು ಮನೆಯನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡತೊಡಗಿದರು. ನನಗೆ ಬಿಳಿ ಬಣ್ಣ ಬಳಿದರು. ಅವರ ಕೈಯಿಂದ ಇನ್ನೊಬ್ಬರಿಗೆ ಬಂದೆ. ಇವರು ಸೌದೆಯ ಗಲೀಜು ಬೇಡವೆಂದು ಹೊಗೆದಾರಿ ಮುಚ್ಚಿಸಿ, ಗೂಡಿನೊಳಗೆ ಕರೆಂಟಿನ ಪೆಟ್ಟಿಗೆ ಕೂರಿಸಿದರು. ಗುಂಡಿ ಒತ್ತಿದರೆ ಕೆಂಪು ದೀಪ ಉರಿಯಂತೆ ಕುಣಿಯುತ್ತದೆ. ಹೊಸದಾಗಿ ಮದುವೆಯಾದವರು ಅದರ ಮುಂದೆ ಒತ್ತಿಕೊಂಡು ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೂತುಕೊಳ್ಳಲಿ. ಯಾರನ್ನೂ ಕೇಳದೆ, ಯಾವುದಕ್ಕೂ ಹೆದರದೆ ಕೂರುವುದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಿಲ್ಲ, ಸಂಕಟವಾಗುತ್ತದೆ ಅಷ್ಟೆ. ಎಡಗಂಬದಲ್ಲಿ ಒಂದು ಬಿರುಕು ಬಿಟ್ಟಿದೆ. ಇನ್ನೆಷ್ಟು ದಿನವೋ.

ಜನರು ನಮ್ಮನ್ನು ಕಲ್ಲು ಎಂದು ಬೈಗುಳಕ್ಕೆ ಬಳಸುತ್ತಾರೆ, ಕಲ್ಲು ಮನಸ್ಸು ಎನ್ನುತ್ತಾರೆ. ನಾನು ಕಂಡ ಆ ಮನೆಯಲ್ಲಿ ಒಂದು ಮನಸ್ಸಾದರೂ ಕಲ್ಲಾಗಿದ್ದರೆ, ಯಾರಾದರೂ ಒಬ್ಬರು ಇನ್ನೊಬ್ಬರ ನೋವನ್ನು ಲೆಕ್ಕಿಸದೆ ಕಡ್ಡಿ ಗೀರಿಬಿಟ್ಟಿದ್ದರೆ, ಅವಳು ಇನ್ನೊಂದೆರಡು ಚಳಿಗಾಲ ಕಾಣುತ್ತಿದ್ದಳೋ ಏನೋ. ಖಂಡಿತ ಎಂದು ಹೇಳಲಾರೆ. ಅವಳ ಎದೆ ಮೊದಲೇ ಸೋತಿತ್ತು. ಆದರೆ ಬೆಚ್ಚಗಾದರೂ ಇರುತ್ತಿದ್ದಳು.

ಊರು ಬಿಡುವ ಹಿಂದಿನ ಸಂಜೆಯೂ ತುಂಗಮ್ಮ ಬೆಂಕಿ ಹಾಕಿದ್ದರು. ಸಾಮಾನೆಲ್ಲ ಕಟ್ಟಿಯಾಗಿತ್ತು, ಜಯತೀರ್ಥ ಲಾರಿ ಗೊತ್ತುಮಾಡಲು ಪೇಟೆಗೆ ಹೋಗಿದ್ದ. ಉರಿ ಇಳಿದು ಕೆಂಡವಾದ ಮೇಲೆ ಆಕೆ ಗೋಡೆ ಹಿಡಿದು ಎದ್ದರು. ಮಂಡಿ ನೋವಿನಲ್ಲಿ ಒಂದೊಂದೇ ಹೆಜ್ಜೆಯಿಟ್ಟು, ಅಷ್ಟು ವರ್ಷಗಳಲ್ಲಿ ಮೊದಲ ಸಲ, ನಾನು ಬಿಸಿಯಾಗಿರುವಾಗ ನನ್ನ ಹತ್ತಿರ ಬಂದರು. ಮಕ್ಕಳಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗೆ ಅಂಗೈ ತಿರುಗಿಸಿ ನನ್ನ ಕಂಬದ ಮೇಲೆ ಇಟ್ಟರು. ಆಮೇಲೆ ಆ ಖಾಲಿ ಜಾಗದ ಕಡೆ ತಿರುಗಿ, ಒಳಕೋಣೆಯಲ್ಲಿರುವವರನ್ನು ಊಟಕ್ಕೆ ಕರೆಯುವಷ್ಟೇ ಸಹಜವಾಗಿ ಕರೆದರು.

"ಚೆನ್ನಾಗಿ ಕಾದಿದೆ ಕಣೇ ವನಮಾಲಾ. ಬಾ, ಕೂತ್ಕೋ."